ವಿದ್ಯುತ್ ಗ್ರಿಲ್ಲೂ ನಮ್ಮ ಮನೆಯ ತಂತಿಯೂ

ಜಟಿಂಗ ರಾಮೇಶ್ವರದ ಬೆಟ್ಟದ ಮೇಲೆ ಕ್ರಿ. ಪೂ. ೩ನೆಯ ಶತಮಾನದ ಅಶೋಕನ ಶಾಸನವಿರುವುದನ್ನು ಚರಿತ್ರೆಯ ವಿದ್ಯಾರ್ಥಿಗಳು ಬಲ್ಲರು. ಆ ಬೆಟ್ಟದ ಸೀಮೆಯ ನಮ್ಮ ಊರುಗಳಲ್ಲಿ ಬದನೆಕಾಯಿಯನ್ನೂ ಜೋಳದ ತೆನೆಯನ್ನೂ ಕೆಂಡದ ಮೇಲೆ ಸುಟ್ಟು ತಿನ್ನುವ ರೂಢಿ ಇಂದಿಗೂ ಉಳಿದಿದೆ. ಈಗ ಕೆಂಡದ ಜಾಗಕ್ಕೆ ವಿದ್ಯುತ್ ಗ್ರಿಲ್ ಬರುತ್ತಿದೆ.

‘ಹೊಗೆಯಿಲ್ಲ, ಮಸಿಯಿಲ್ಲ, ಕೆಲವೇ ನಿಮಿಷಗಳ ಕೆಲಸ’ ಎಂಬುದು ಮಾರುವವರ ಮಾತು. ಅಮೆರಿಕದಲ್ಲಿ ೧೯೯೪ರಲ್ಲಿ ಬಂದ ಗ್ರಿಲ್ಲೊಂದಕ್ಕೆ ಮುಷ್ಟಿಯುದ್ಧದ ಜಗಜ್ಜೆಟ್ಟಿ ಜಾರ್ಜ್ ಫೋರ್ಮನ್ನರ ಹೆಸರನ್ನೇ ಇಟ್ಟರು, ಕೊಬ್ಬು ಇಳಿದುಹೋಗುತ್ತದೆಂದು ಟೆಲಿವಿಷನ್ನಿನಲ್ಲಿ ಸಾರಿದರು, ಕೋಟಿಗಟ್ಟಲೆ ಮಾರಿದರು. ಜಾಹೀರಾತು ರುಚಿಯನ್ನೂ ಆರೋಗ್ಯವನ್ನೂ ಕುರಿತು ಮಾತನಾಡುತ್ತದೆ, ತಂತಿಯ ಮಾತೆತ್ತುವುದಿಲ್ಲ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆದಕಾರಣ ಡಬ್ಬದ ಮೇಲಿನ ಇಂಗ್ಲಿಷನ್ನು ಓದಿ, ಕೊಳ್ಳಬಹುದೇ ಎಂದು ಹೇಳುವ ಹೊಣೆ ನನ್ನದಾಯಿತು. ಒಲೆಯ ಹೊಗೆಯಲ್ಲಿ ಕಣ್ಣೊರಸಿಕೊಳ್ಳುವ ತಾಯಿಗೆ ‘ಬೇಡ’ ಎನ್ನುವುದು ಸುಲಭವೇ? ಕಲಾವಿಭಾಗದವನಾದರೂ ಲೆಕ್ಕ ಹಾಕಲು ಕುಳಿತೆನು.

ಗ್ರಿಲ್ಲಿನೊಳಗೆ ಸಾಮಾನ್ಯವಾಗಿ ಇರುವುದು ನಿಕಲ್ ಮತ್ತು ಕ್ರೋಮಿಯಂ ಬೆರೆತ ನೈಕ್ರೋಮ್ ಸುರುಳಿ. ಇಂಥ ಮಿಶ್ರಲೋಹಕ್ಕೆ ಆಲ್ಬರ್ಟ್ ಮಾರ್ಷ್ ೧೯೦೬ರಲ್ಲಿ ಪೇಟೆಂಟ್ ಪಡೆದನು. ವಿದ್ಯುತ್ತಿಗೆ ತಡೆಯೊಡ್ಡಿ ಇದು ಚೆನ್ನಾಗಿ ಕಾಯುತ್ತದೆ. ಆದರೂ ಬೇಗ ಸುಟ್ಟುಹೋಗುವುದಿಲ್ಲ.

ಡಬ್ಬದ ಮೇಲೆ ನೋಡಬೇಕಾದ ಅಂಕಿ ವಾಟ್. ಗ್ರಿಲ್ ೨,೦೦೦ ವಾಟಿನದೆಂದು ಇಟ್ಟುಕೊಳ್ಳೋಣ. ೨೩೦ ವೋಲ್ಟಿನಿಂದ ಭಾಗಿಸಿದರೆ ಸುಮಾರು ೮.೭ ಆಂಪಿಯರ್. ಮನೆಯ ಸಣ್ಣ ಪ್ಲಗ್ಗಿನ ಶಕ್ತಿ ೬ ಆಂಪಿಯರ್ ಮಾತ್ರ. ಗ್ರಿಲ್ಲಿಗೆ ೧೬ ಆಂಪಿಯರಿನ ಪ್ಲಗ್ಗು, ದಪ್ಪ ತಂತಿ, ಸರಿಯಾದ ಅರ್ಥಿಂಗ್ ಬೇಕು. ತಂತಿಯಲ್ಲಿ ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಮಡಿಯಾಗುತ್ತದೆ. ದೀಪಕ್ಕೆಂದು ಎಳೆದ ತಂತಿಗೆ ಗ್ರಿಲ್ ಸಿಕ್ಕಿಸಿದರೆ ಗೋಡೆಯೇ ಗ್ರಿಲ್ಲಾದೀತು!

ಇನ್ನೊಂದು ಸೂಕ್ಷ್ಮವುಂಟು. ಸಂಜೆ ಎಲ್ಲರೂ ದೀಪ, ಮೋಟರು ಹಾಕಿದಾಗ ಲೈನಿನ ಕೊನೆಯ ಮನೆಗಳಲ್ಲಿ ವೋಲ್ಟೇಜು ಇಳಿಯುವುದುಂಟು. ಅದು ೧೮೦ಕ್ಕೆ ಇಳಿದರೆ ೨,೦೦೦ ವಾಟಿನ ಗ್ರಿಲ್ ಕೊಡುವುದು ಸುಮಾರು ೧,೨೨೫ ವಾಟ್ ಮಾತ್ರ. ಜಾಹೀರಾತಿನ ನಿಮಿಷಗಳು ಆಗ ಎಲ್ಲಿ ಉಳಿದಾವು?

ಇನ್ನು ಖರ್ಚಿನ ವಿಚಾರ. ಅರ್ಧ ಗಂಟೆ ಪೂರ್ಣಶಕ್ತಿಯಲ್ಲಿ ಉರಿದರೆ ೧ ಯೂನಿಟ್. ದಿನವೂ ಹಚ್ಚಿದರೆ ತಿಂಗಳಿಗೆ ೩೦. ೨೦೨೩ರಲ್ಲಿ ಬಂದ ಗೃಹಜ್ಯೋತಿಯಲ್ಲಿ ೨೦೦ ಯೂನಿಟ್ಟಿನವರೆಗೆ ಉಚಿತವೆಂಬ ಮಾತು ಪ್ರಚಾರದಲ್ಲಿದ್ದರೂ, ಪ್ರತಿ ಮನೆಗೂ ಅದರ ಹಿಂದಿನ ಸರಾಸರಿಯೇ ಅಳತೆಗೋಲು. ಸರಾಸರಿ ೬೦ ಇದ್ದ ಮನೆಗೆ ಶೇಕಡ ೧೦ ಸೇರಿ ೬೬ ದೊರೆಯುತ್ತದೆ. ಬಳಕೆ ೯೦ ಆದರೆ ಉಳಿದ ೨೪ಕ್ಕೆ ಹಣ ತೆರಬೇಕು.

ಚಳ್ಳಕೆರೆಗೆ ನೆರೆಯ ಪಾವಗಡದಲ್ಲಿ ೨,೦೫೦ ಮೆಗಾವಾಟಿನ ಸೌರ ವಿದ್ಯುತ್ ಪಾರ್ಕ್ ಇದೆ. ಆದರೆ ಎಷ್ಟು ವಿದ್ಯುತ್ ಹುಟ್ಟಿದರೇನು, ಮನೆಗೆ ಬರಬೇಕಾದದ್ದು ಕಂಬದಿಂದ ಒಲೆಯವರೆಗಿನ ಕೊನೆಯ ತಂತಿಯ ಮೂಲಕವೇ.

ಮೇಲಾಗಿ ಮುದ್ದೆ, ಸಾರು ಗ್ರಿಲ್ಲಿನ ಮೇಲೆ ಆಗುವಂಥವಲ್ಲ. ಗ್ರಿಲ್ ಬಂದರೂ ಒಲೆ ಆರುವುದಿಲ್ಲ. ತಾಯಿಯ ಕಣ್ಣಿನ ಹೊಗೆ ತಪ್ಪಿಸಲು ಆ ಹಣ ಗ್ಯಾಸ್ ಸಿಲಿಂಡರಿಗೆ ಸಲ್ಲುವುದೇ ಮೇಲೆಂದು ನಾನು ಮನೆಯಲ್ಲಿ ಹೇಳಿದೆನು. ಗ್ರಿಲ್ ಬೇಕೆನ್ನುವ ಮಿತ್ರರು ಅಂಗಡಿಗೆ ಹೋಗುವ ಮುನ್ನ ವೈರ್‌ಮನ್ನನ್ನು ಕರೆಸಲಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ವಿದ್ಯುತ್ತಿಗೂ ಸಲ್ಲುತ್ತದೆ.