ನೇಪಥ್ಯದ ವಿದ್ಯೆ

ನಾಟಕವನ್ನು ನೋಡಿ ಹೊರಬಂದ ಪ್ರೇಕ್ಷಕನು ನಟನ ಕಂಠವನ್ನು ಹೊಗಳುತ್ತಾನೆ, ಕವಿಯ ಮಾತನ್ನು ಮೆಲುಕು ಹಾಕುತ್ತಾನೆ, ಸಂಗೀತ ಕೆಟ್ಟಿದ್ದರೆ ಅದನ್ನೂ ಮರೆಯದೆ ಹೇಳುತ್ತಾನೆ. ಆದರೆ ರಾಜಪಾತ್ರಧಾರಿ ಸಿಂಹಾಸನದಿಂದ ಎದ್ದು ನಡೆದಾಗ ಅವನ ನಿಲುವಂಗಿಯ ಅಂಚು ಕಾಲಿಗೆ ತೊಡರದೆ ನೆಲವನ್ನು ಸವರಿಕೊಂಡು ಹೋದದ್ದು ಯಾರೋ ಒಬ್ಬರು ಯೋಚಿಸಿ, ಅಳೆದು, ಹೊಲಿಸಿ, ಬಿಚ್ಚಿಸಿ, ಮತ್ತೆ ಹೊಲಿಸಿದ್ದರ ಫಲವೆಂಬುದು ಅವನ ಗಮನಕ್ಕೆ ಬರುವುದು ಅಪರೂಪ. ಬಾರದಿರುವುದೇ ಒಂದು ದೃಷ್ಟಿಯಿಂದ ಆ ಕೆಲಸದ ಸಾಫಲ್ಯವೆನ್ನಬೇಕು. ಉಡುಪು ತನ್ನನ್ನೇ ತಾನು ಮೆರೆಸಿಕೊಳ್ಳತೊಡಗಿತೆಂದರೆ ನಟನು ಅದರ ಹಿಂದೆ ಮರೆಯಾದನೆಂದೇ ತಿಳಿಯಬೇಕು. ಇಂಥ ಮರೆಯ ವಿದ್ಯೆಯೊಂದನ್ನು ಇಂದು ನಾಟಕಶಾಲೆಗಳೂ ಕಾಲೇಜುಗಳೂ ಪಠ್ಯಕ್ರಮದ ಅಂಗವಾಗಿ ಕಲಿಸುತ್ತಿವೆ. ಹೊಲಿಗೆಯನ್ನು ಯಾವ ದರ್ಜಿಯ ಬಳಿಯಾದರೂ ಕಲಿಯಬಹುದಾಗಿರುವಾಗ ಅದಕ್ಕೆ ಕಾಲೇಜೇಕೆ ಎಂದು ಕೇಳುವವರುಂಟು. ಆ ಪ್ರಶ್ನೆ ಉಪೇಕ್ಷಿಸತಕ್ಕದ್ದಲ್ಲ.

ನಮ್ಮ ಪ್ರಾಚೀನರು ಈ ವಿದ್ಯೆಯನ್ನು ಕೀಳಾಗಿ ಕಂಡವರಲ್ಲ. ಭರತನ ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಸಾತ್ತ್ವಿಕ, ಆಹಾರ್ಯವೆಂದು ನಾಲ್ಕಾಗಿ ವಿಂಗಡಿಸಿ, ವೇಷಭೂಷಣಗಳಿಗೆ ಸಂಬಂಧಿಸಿದ ಆಹಾರ್ಯಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಪ್ರಯೋಗವೆಲ್ಲವೂ ಅದನ್ನು ಆಶ್ರಯಿಸಿದೆಯೆಂದು ಆರಂಭದಲ್ಲಿಯೇ ಸಾರುತ್ತದೆ. ವೇಷಗಳನ್ನು ಶುದ್ಧ, ವಿಚಿತ್ರ, ಮಲಿನವೆಂದು ಮೂರು ಬಗೆಯಾಗಿ ಎಣಿಸಿ, ಹುಚ್ಚರಿಗೂ ಅಮಲೇರಿದವರಿಗೂ ದಾರಿ ನಡೆದು ಬಂದವರಿಗೂ ವಿಪತ್ತಿನಲ್ಲಿ ಬಿದ್ದವರಿಗೂ ಮಲಿನವೇಷವನ್ನು ವಿಧಿಸಿರುವ ಶಾಸ್ತ್ರಕಾರನ ಸೂಕ್ಷ್ಮತೆಯನ್ನು, ಸ್ಮಶಾನ ಕಾಯುವ ಹರಿಶ್ಚಂದ್ರನಿಗೆ ಆಗತಾನೆ ಅಂಗಡಿಯಿಂದ ತಂದ ಹೊಸ ಕಂಬಳಿಯನ್ನು ಮಡಿಕೆಯೂ ಮುರಿಯದಂತೆ ಹೊದಿಸುವ ವಾರ್ಷಿಕೋತ್ಸವಗಳನ್ನು ಕಂಡವರು ಚೆನ್ನಾಗಿ ಮೆಚ್ಚಿಯಾರು. ಇನ್ನೊಂದು ಮಾತು ಇದಕ್ಕಿಂತಲೂ ವ್ಯಾವಹಾರಿಕವಾದದ್ದು: ರಂಗದ ಮೇಲೆ ಭಾರವಾದ ಆಭರಣಗಳು ಕೂಡದು, ಅವು ನಟನನ್ನು ಬಳಲಿಸಿ ಮೂರ್ಛೆಗೂ ಕಾರಣವಾಗಬಹುದು, ಆದ್ದರಿಂದ ಅರಗು ಮುಂತಾದ ಹಗುರ ಪದಾರ್ಥಗಳಿಂದ ಅವನ್ನು ರಚಿಸತಕ್ಕದ್ದೆಂದು ಅಲ್ಲಿ ಹೇಳಿದೆ. ಬೆವರಿದ ನಟನನ್ನು ಹತ್ತಿರದಿಂದ ಕಂಡವನಲ್ಲದೆ ಬೇರೆಯವನು ಬರೆಯುವ ಮಾತಲ್ಲ ಇದು.

ಈ ವಿವೇಕ ಜೀವಂತವಾಗಿ ಉಳಿದಿರುವುದನ್ನು ನೋಡಬೇಕಾದರೆ ಯಕ್ಷಗಾನದವರು ಬಣ್ಣ ಹಚ್ಚಿ ವೇಷ ಕಟ್ಟುವ ಚೌಕಿಯೊಳಕ್ಕೆ ಹೋಗಬೇಕು. ಬಡಗುತಿಟ್ಟಿನ ಭುಜಕೀರ್ತಿ, ಎದೆಕಟ್ಟು, ಕರ್ಣಪತ್ರಗಳು ಕಣ್ಣಿಗೆ ಚಿನ್ನದಷ್ಟು ಭಾರವಾಗಿ ಕಂಡರೂ ಹಗುರವಾದ ಮರವನ್ನು ಕೊರೆದು, ಬೇಗಡೆಯನ್ನು ಅಂಟಿಸಿ, ಕನ್ನಡಿಯ ಚೂರುಗಳನ್ನು ಕೂಡಿಸಿ ಮಾಡಿದವು; ರಾತ್ರಿಯೆಲ್ಲ ಕುಣಿಯತಕ್ಕ ಕಲಾವಿದನಿಗೆ ಇದಕ್ಕಿಂತ ಭಾರವಾದುದು ಸಲ್ಲದು. ತಲೆಯ ಮೇಲಿನ ಮುಂದಲೆಯಂತೂ ಸಿದ್ಧವಾಗಿ ಸಿಕ್ಕುವ ವಸ್ತುವೇ ಅಲ್ಲ. ಪ್ರತಿ ಆಟಕ್ಕೂ ಬಟ್ಟೆಯನ್ನು ಸುತ್ತಿ ಸುತ್ತಿ ಹೊಸದಾಗಿ ಕಟ್ಟಬೇಕು. ಕೇದಗೆ ಮುಂದಲೆಯನ್ನು ಕಂಡೊಡನೆ ಬಂದವನು ಎಂಥ ಪಾತ್ರವೆಂಬುದು ಭಾಗವತರು ಹೇಳುವುದಕ್ಕೆ ಮುಂಚೆಯೇ ಹಳ್ಳಿಯ ಮಗುವಿಗೂ ಗೊತ್ತಾಗುತ್ತದೆ. ಕೆಂಪು, ಹಳದಿ, ಕಪ್ಪುಗಳ ಆ ಚೌಕುಳಿಯ ಕಸೆಸೀರೆ, ಆ ಬೇಗಡೆಯ ಥಳಥಳಿಕೆ ದೀವಟಿಗೆಯ ತುಯ್ದಾಡುವ ಬೆಳಕಿಗೆಂದು ಹುಟ್ಟಿದವು. ಕೊಳವೆದೀಪದ ಬಿಳಿಯ ಬೆಳಕಿನಲ್ಲಿ ಅವೇ ವೇಷಗಳು ಕೊಂಚ ಬೆದರಿದಂತೆ ಕಾಣುವುದು ವೇಷದ ದೋಷವಲ್ಲ, ಬೆಳಕಿನದು. ಶಿವರಾಮ ಕಾರಂತರು ತಮ್ಮ ದೀರ್ಘ ಸಂಶೋಧನೆಯಲ್ಲಿ ಕುಣಿತ, ಹಾಡುಗಳಷ್ಟೇ ಶ್ರದ್ಧೆಯಿಂದ ಈ ವೇಷಕ್ರಮವನ್ನೂ ಅಭ್ಯಸಿಸಿದರು, ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ 1971ರಲ್ಲಿ ಯಕ್ಷಗಾನ ಕೇಂದ್ರ ಆರಂಭವಾದಾಗ ಚೌಕಿಯ ಈ ವಿದ್ಯೆಗೂ ಕಾಲೇಜಿಗೂ ಒಂದು ನಂಟು ಬೆಳೆಯಿತು.

ಕಂಪನಿ ನಾಟಕಗಳ ಉಡುಪನ್ನು ಹಳಿಯುವುದು ಈಗಿನ ವಾಡಿಕೆ. ಮಖಮಲ್ಲಿನ ಅಂಗಿ, ಜರಿಯ ಅಂಚು, ಮಿಣುಗುವ ಕಿರೀಟ, ಯಾವ ಯುಗದ ರಾಜನಿಗಾದರೂ ಅದೇ ಒಂದು ಪೆಟ್ಟಿಗೆ! ಪಾರಸಿ ಮಂಡಳಿಗಳ ವೈಭವವೂ, 1894ರಲ್ಲಿ ಆರಂಭವಾದ ರವಿವರ್ಮನ ಮುದ್ರಣಾಲಯದಿಂದ ಮನೆಮನೆಯ ಗೋಡೆಗೆ ಬಂದ ದೇವದೇವಿಯರ ಚಿತ್ರಗಳೂ ಸೇರಿ ಪೌರಾಣಿಕ ಪಾತ್ರವೆಂದರೆ ಹೀಗೆಯೇ ಇರತಕ್ಕದ್ದೆಂಬ ಒಂದು ಕಲ್ಪನೆಯನ್ನು ಜನಮನದಲ್ಲಿ ನೆಲೆಗೊಳಿಸಿದವು. ಆದರೆ ದೂಷಿಸುವ ಮುನ್ನ ಆ ಕಾಲದ ದೀಪಗಳನ್ನು ನೆನೆಯಬೇಕು. ಗ್ಯಾಸ್ ಲೈಟಿನ ಮಬ್ಬು ಬೆಳಕಿನಲ್ಲಿ, ತಗಡಿನ ಚಪ್ಪರದ ಕಟ್ಟಕಡೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತ ಪ್ರೇಕ್ಷಕನಿಗೆ ದುರ್ಯೋಧನನು ಕಾಣಬೇಕಾದರೆ ಅವನ ಮೈಮೇಲೆ ಏನಾದರೊಂದು ಹೊಳೆಯಲೇಬೇಕಾಗಿತ್ತು. ಗುಬ್ಬಿ ವೀರಣ್ಣನವರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳೇ ರಂಗಕ್ಕೆ ಬಂದವಷ್ಟೆ, ಆನೆಯ ಪಕ್ಕದಲ್ಲಿ ನಿಂತ ನಟನಿಗೆ ಸಾದಾ ಪಂಚೆಯನ್ನು ಉಡಿಸಿದ್ದರೆ ಅವನನ್ನು ನೋಡುವವರಾರು? ಜರಿ ಅಂದಿನ ಅಗತ್ಯವಾಗಿತ್ತು. ಅಗತ್ಯ ತೀರಿದ ಮೇಲೆಯೂ, ಪ್ರಖರವಾದ ವಿದ್ಯುದ್ದೀಪಗಳು ಬಂದ ಮೇಲೆಯೂ, ಬಾಡಿಗೆ ಅಂಗಡಿಯ ಪೆಟ್ಟಿಗೆಯಿಂದ ಅದೇ ಜರಿ ಹೊರಬರುತ್ತಿರುವುದೇ ಆಕ್ಷೇಪಾರ್ಹವಾದದ್ದು.

ಇದರ ವಿರುದ್ಧ ದಿಕ್ಕಿನ ಅತಿರೇಕವೂ ಒಂದುಂಟು. 1823ರಲ್ಲಿ ಲಂಡನ್ನಿನ ಕೊವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಶೇಕ್ಸ್‌ಪಿಯರನ ‘ಕಿಂಗ್ ಜಾನ್’ ನಾಟಕಕ್ಕೆ ಪ್ಲಾಂಷೆ ಎಂಬ ವಿದ್ವಾಂಸನು ಸಮಾಧಿಶಿಲ್ಪಗಳನ್ನೂ ಹಳೆಯ ಹಸ್ತಪ್ರತಿಗಳನ್ನೂ ಪರಿಶೀಲಿಸಿ ಆಯಾ ಶತಮಾನದ ಉಡುಪನ್ನೇ ತೊಡಿಸಿದನು. ಚಪ್ಪಟೆಯ ಶಿರಸ್ತ್ರಾಣಗಳನ್ನು ಕಂಡು ಜನರು ನಗುವರೆಂದು ನಟರು ಅಂಜಿದ್ದರಂತೆ. ಪರದೆ ಎದ್ದಾಗ ಚಪ್ಪಾಳೆಯೇ ಬಿತ್ತು. ಅಂದಿನಿಂದ ಚಾರಿತ್ರಿಕ ಯಥಾರ್ಥತೆಯೆಂಬುದು ಉಡುಪಿನ ಕಲೆಗೆ ಒಂದು ಆದರ್ಶವೂ ಹೌದು, ಒಂದು ಪೀಡೆಯೂ ಹೌದು. ನಮ್ಮ ದೇಶದಲ್ಲಿ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ನಾಟಕ ಶಾಲೆ, ಇಬ್ರಾಹಿಂ ಅಲ್ಕಾಜಿಯವರು 1962ರಲ್ಲಿ ಅದರ ನಿರ್ದೇಶಕರಾದ ಮೇಲೆ, ವೇಷಭೂಷಣವನ್ನು ಶಿಸ್ತಿನ ಅಧ್ಯಯನವಾಗಿ ಮಾಡಿತು. ಅಲ್ಕಾಜಿಯವರ ಪ್ರಯೋಗಗಳಿಗೆ ಉಡುಪುಗಳನ್ನು ಕಲ್ಪಿಸುತ್ತಿದ್ದ ರೋಶನ್ ಅಲ್ಕಾಜಿಯವರು ಶಿಲ್ಪಗಳನ್ನೂ ಭಿತ್ತಿಚಿತ್ರಗಳನ್ನೂ ಆಧರಿಸಿ ಪ್ರಾಚೀನ ಭಾರತೀಯರ ಉಡುಗೆತೊಡುಗೆಯ ಮೇಲೆ ಒಂದು ಗ್ರಂಥವನ್ನೇ ರಚಿಸಿದರು. ಆದರೆ ಅಜಂತೆಯ ಚಿತ್ರ ನಿಶ್ಚಲವಾಗಿರುತ್ತದೆ. ನಟನು ಕೂರಬೇಕು, ಏಳಬೇಕು, ಕತ್ತಿ ಹಿರಿಯಬೇಕು. ಶಿಲ್ಪದಲ್ಲಿರುವ ಉಡುಗೆಯನ್ನು ಯಥಾವತ್ತಾಗಿ ಉಡಿಸಿದರೆ ಎರಡನೆಯ ಅಂಕದಲ್ಲಿ ಅದು ಬಿಚ್ಚಿ ಬೀಳುವುದಿಲ್ಲವೆಂದು ಯಾವ ಗ್ರಂಥವೂ ಭರವಸೆ ಕೊಡಲಾರದು. ಆ ಶಾಲೆಯಿಂದಲೇ ಬಂದ ನಮ್ಮ ಪ್ರೇಮಾ ಕಾರಂತರು ನಿರ್ದೇಶನದ ಜೊತೆಗೆ ಅನೇಕ ನಾಟಕಗಳಿಗೆ ಉಡುಪನ್ನು ವಿನ್ಯಾಸಗೊಳಿಸಿದವರು. ‘ಹಂಸಗೀತೆ’ ಚಲನಚಿತ್ರದ ವೇಷಭೂಷಣವೂ ಅವರದೇ.

ಹಾಗಾದರೆ ತರಗತಿಯಲ್ಲಿ ಮೊದಲು ಕಲಿಸತಕ್ಕದ್ದೇನು? ಕತ್ತರಿಯಲ್ಲ, ಓದು. ಗಿರೀಶ ಕಾರ್ನಾಡರ ‘ತುಘಲಕ್’ ನಾಟಕವನ್ನೇ ತೆಗೆದುಕೊಳ್ಳೋಣ. 1327ರ ದೆಹಲಿಯಲ್ಲಿ ತೊಡಗಿ ಐದು ವರ್ಷಗಳ ಬಳಿಕ ದೌಲತಾಬಾದಿನಲ್ಲಿ ಮುಗಿಯುವ ಹದಿಮೂರು ದೃಶ್ಯಗಳ ಈ ಕೃತಿಯನ್ನು ಅವಸರದ ವಿದ್ಯಾರ್ಥಿ ಓದಿದರೆ ಅವನಿಗೆ ಕಾಣುವುದು ಸುಲ್ತಾನನ ಪೇಟ, ಮೌಲವಿಗಳ ನಿಲುವಂಗಿ, ಸಿಪಾಯಿಗಳ ದಟ್ಟಿ. ನಿಧಾನವಾಗಿ ಓದಿದವನಿಗೆ ಕಾಣುವುದೇ ಬೇರೆ: ಈ ನಾಟಕದ ಕಥೆ ನಡೆಯುವುದೇ ಬಟ್ಟೆಯ ಮೂಲಕ. ಇತರರ ಬಟ್ಟೆಯನ್ನು ಒಗೆಯುವ ಅಗಸನಾದ ಅಜೀಜ್ ಬ್ರಾಹ್ಮಣನ ವೇಷ ಧರಿಸಿ ನ್ಯಾಯಾಲಯದಲ್ಲಿ ಸುಲ್ತಾನನ ಮೇಲೆಯೇ ಗೆಲ್ಲುತ್ತಾನೆ. ಕೊನೆಗೆ ಖಲೀಫನ ವಂಶದವನೊಬ್ಬನನ್ನು ಕೊಂದು ಅವನ ಉಡುಪಿನಲ್ಲಿ ರಾಜಧಾನಿಯನ್ನು ಪ್ರವೇಶಿಸುತ್ತಾನೆ. ಸುಲ್ತಾನನನ್ನೇ ಹೋಲುವ ಶೇಖ್ ಇಮಾಮುದ್ದೀನನು ಸುಲ್ತಾನನು ತೊಡಿಸಿದ ರಾಜೋಚಿತವಾದ ಉಡುಪಿನಲ್ಲಿ ರಣರಂಗಕ್ಕೆ ಹೋಗಿ, ಆ ಉಡುಪಿನ ಕಾರಣದಿಂದಲೇ ಸಾಯುತ್ತಾನೆ. ಇಷ್ಟನ್ನು ಗ್ರಹಿಸಿದ ವಿದ್ಯಾರ್ಥಿಗೆ ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ. ಶೇಖನಿಗೆ ತೊಡಿಸುವ ನಿಲುವಂಗಿಯನ್ನು ಪ್ರೇಕ್ಷಕರು ಮೊದಲೇ ಸುಲ್ತಾನನ ಮೈಮೇಲೆ ಕಂಡಿರಬೇಕಲ್ಲವೆ? ಕಂಡಿರಬೇಕಾದರೆ ಅದು ಇಬ್ಬರು ನಟರಿಗೂ ಒಪ್ಪುವ ಅಳತೆಯಲ್ಲಿರಬೇಕಲ್ಲವೆ? ಅಗಸನ ಮೈಮೇಲೆ ಬ್ರಾಹ್ಮಣನ ಉತ್ತರೀಯ ಅಚ್ಚುಕಟ್ಟಾಗಿ ಕುಳಿತರೆ ಸಭಿಕರಿಗೆ ಮೋಸವಾಗುತ್ತದೆ, ಕುಳಿತುಕೊಳ್ಳದಿದ್ದರೆ ನಗು ಬರುತ್ತದೆ. ನಿರ್ದೇಶಕನಿಗೆ ಬೇಕಾದದ್ದು ಯಾವುದು? ಐದು ವರ್ಷಗಳಲ್ಲಿ ಸುಲ್ತಾನನು ಮಾತ್ರ ಮುಪ್ಪಾಗಬೇಕೋ, ಅವನ ಬಟ್ಟೆಯೂ ಮುಪ್ಪಾಗಬೇಕೋ? ಈ ಪ್ರಶ್ನೆಗಳಲ್ಲಿ ಒಂದಕ್ಕೂ ಹೊಲಿಗೆಯ ಯಂತ್ರ ಉತ್ತರ ಕೊಡದು. ಕಾಲೇಜೇಕೆ ಎಂಬ ಪ್ರಶ್ನೆಗೆ ನನಗೆ ತೋರುವ ಸಮಾಧಾನ ಇದೇ.

ಓದಿದ ಮೇಲೆ ಪಟ್ಟಿ. ಅಡ್ಡಸಾಲಿನಲ್ಲಿ ದೃಶ್ಯಗಳು, ಉದ್ದಸಾಲಿನಲ್ಲಿ ಪಾತ್ರಗಳು. ಯಾರು ಯಾವ ದೃಶ್ಯದಲ್ಲಿ ಏನನ್ನು ತೊಟ್ಟಿರುವರು, ಹೊರಹೋಗಿ ಮರಳಿ ಬರುವುದಕ್ಕೆ ಎಷ್ಟು ಹೊತ್ತಿದೆ ಎಂಬುದೆಲ್ಲ ಅದರಲ್ಲಿ ಕಾಣಬೇಕು. ಅರ್ಧ ನಿಮಿಷದಲ್ಲಿ ವೇಷ ಬದಲಿಸಬೇಕಾದ ನಟನಿಗೆ ಹದಿನೈದು ಗುಂಡಿಗಳ ಅಂಗಿಯನ್ನು ಹೊಲಿಸಿದವನ ಗತಿ ಏನಾಗುವುದೆಂದು ವಿವರಿಸಬೇಕಾಗಿಲ್ಲ. ಅಂಥಲ್ಲಿ ಗುಂಡಿಗಳನ್ನು ಹೊರಗೆ ಶೋಭೆಗೆ ಹೊಲಿದು, ಒಳಗೆ ಪ್ರೆಸ್ ಬಟನ್ನನ್ನೋ ಲಾಡಿಯನ್ನೋ ಇಡುವುದು ರೂಢಿ. ವೆಲ್ಕ್ರೋ ಸುಲಭವಾದರೂ ನಿಶ್ಶಬ್ದವಾದ ದೃಶ್ಯದ ಮಧ್ಯೆ ನೇಪಥ್ಯದಿಂದ ಅದರ ಪರಕ್ಕೆಂಬ ಸದ್ದು ಕಡೆಯ ಸಾಲಿಗೂ ಕೇಳಿಸುತ್ತದೆ.

ಅನಂತರದ್ದು ಮೈ. ಉಡುಪು ನಟನ ನಡಿಗೆಯನ್ನೇ ಬದಲಿಸಬಲ್ಲುದೆಂಬುದನ್ನು ಉಪನ್ಯಾಸದಿಂದ ತಿಳಿಸಲಾಗದು, ಉಡಿಸಿಯೇ ತಿಳಿಸಬೇಕು. ಪ್ಯಾಂಟಿನಲ್ಲಿ ಓಡಾಡಿ ಬೆಳೆದ ವಿದ್ಯಾರ್ಥಿನಿಗೆ ಮುಂದೆ ನಿರಿಗೆಯಿರುವ ಸೀರೆಯನ್ನು ಉಡಿಸಿದರೆ ಅವಳ ಹೆಜ್ಜೆ ಕಿರಿದಾಗುತ್ತದೆ. ಉತ್ತರ ಕರ್ನಾಟಕದ ಕಚ್ಚೆಸೀರೆಯನ್ನು ಉಡಿಸಿದರೆ ಅದೇ ಹೆಜ್ಜೆ ಹಿರಿದಾಗಿ, ಕುಕ್ಕರುಗಾಲಿನಲ್ಲಿ ಕೂರುವುದೂ ಬುಟ್ಟಿಯನ್ನು ಎತ್ತುವುದೂ ಸಲೀಸಾಗುತ್ತದೆ. ನಿರಿಗೆಯನ್ನು ಹಿಂದಕ್ಕೆ ಕಟ್ಟುವ ಕೊಡಗಿನ ಕ್ರಮದಲ್ಲಿ ಮುಂಭಾಗ ನೇರವಾಗಿ ನಿಂತು ನಿಲುವಿಗೇ ಒಂದು ಬಗೆಯ ಬಿಗುಮಾನ ಬರುತ್ತದೆ. ಒಂದೇ ಉದ್ದನೆಯ ಬಟ್ಟೆ, ಹೊಲಿಗೆಯ ಗೊಡವೆಯಿಲ್ಲದೆ, ಮೂವರು ಹೆಂಗಸರನ್ನು ಸೃಷ್ಟಿಸಿತು. ಆದಕಾರಣ ತಾಲೀಮಿನ ಮೊದಲ ವಾರದಿಂದಲೇ ಹಳೆಯ ಸೀರೆಯನ್ನೋ ಹರಕು ಶಾಲನ್ನೋ ತೊಡಿಸಿ ಅಭ್ಯಾಸ ಮಾಡಿಸುವ ನಿರ್ದೇಶಕರು ಜಾಣರು. ಪ್ರದರ್ಶನದ ಹಿಂದಿನ ಸಂಜೆ ಉಡುಪನ್ನು ಕೈಗಿತ್ತರೆ ನಟನು ಪಾತ್ರವನ್ನು ಮರೆತು ಸೆರಗನ್ನು ನೋಡಿಕೊಳ್ಳುತ್ತಾನೆ.

ಬಟ್ಟೆಯ ಪಾಠಕ್ಕೆ ಮಲೆನಾಡಿನಲ್ಲಿ ಒಂದು ಅಪೂರ್ವವಾದ ನೆರೆಹೊರೆ ಕೂಡಿಬಂದಿದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಕಟ್ಟಿ ಬೆಳೆಸಿದ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. ಅದರ ಸಮೀಪದ ಭೀಮನಕೋಣೆಯಲ್ಲಿ ಕೆಲವು ವರ್ಷಗಳ ಮೇಲೆ ಚರಕವೆಂಬ ಮಹಿಳಾ ಸಹಕಾರ ಸಂಘ ಹುಟ್ಟಿ, ಅಡಿಕೆಯ ಚೊಗರು ಮೊದಲಾದ ಸಹಜ ವರ್ಣಗಳಿಂದ ಕೈಮಗ್ಗದ ಬಟ್ಟೆಗೆ ಬಣ್ಣಕಟ್ಟತೊಡಗಿತು. ಅದರ ಪ್ರೇರಕರಾದ ಪ್ರಸನ್ನ ಅವರು ರಂಗನಿರ್ದೇಶಕರೇ ಆಗಿರುವುದು ನನಗೆ ಕೇವಲ ಆಕಸ್ಮಿಕವೆಂದು ತೋರುವುದಿಲ್ಲ. ಚೊಗರಿನ ಕೆಂಗಂದು ಬಣ್ಣ ದೀಪದ ಕೆಳಗೆ ಮೆತ್ತಗೆ ನಿಲ್ಲುತ್ತದೆ, ಕಣ್ಣನ್ನು ಕುಕ್ಕುವುದಿಲ್ಲ.

ಬೆಳಕಿನೊಡನೆ ಬಣ್ಣದ ವ್ಯವಹಾರ ಹೊಸಬರನ್ನು ಅತಿಯಾಗಿ ಕಾಡುವಂಥದು. ಹಸುರು ಬಟ್ಟೆಯ ಮೇಲೆ ಕೆಂಪು ದೀಪ ಬಿದ್ದರೆ ಅದು ಕಪ್ಪಾಗಿ ಕಾಣುವುದು. ನೀಲಿಯ ಮೇಲೆ ಹಳದಿಗೆಂಪು ಬೆಳಕು ಬಿದ್ದರೆ ಬೂದಿಯ ಛಾಯೆ. ಅಚ್ಚ ಬಿಳುಪಂತೂ ರಂಗದಲ್ಲಿ ದೊಡ್ಡ ಶತ್ರು. ಪಂಚೆಯೊಂದೇ ಮಿರುಗಿ ಮುಖವನ್ನು ನುಂಗಿಬಿಡುತ್ತದೆ. ಆದ್ದರಿಂದಲೇ ಬಿಳಿಯ ಬಟ್ಟೆಯನ್ನು ಚಹದ ಕಷಾಯದಲ್ಲಿ ಅದ್ದಿ ಮಾಸಲು ಮಾಡುವ ಪದ್ಧತಿ ಬಂದಿದೆ. ಹೊಸ ಬಟ್ಟೆಯನ್ನು ಹಳತು ಮಾಡುವುದಕ್ಕೆ ಮೊಣಕೈ, ಮಂಡಿ, ಕೊರಳಪಟ್ಟಿಗಳನ್ನು ಉಪ್ಪುಕಾಗದದಿಂದ ಉಜ್ಜುವುದು, ಅಂಚಿಗೆ ಮಣ್ಣುಬಣ್ಣವನ್ನು ಹಚ್ಚುವುದು, ಜೇಬಿನಲ್ಲಿ ಕಲ್ಲು ತುಂಬಿ ಕೆಲವು ದಿನ ನೇತುಹಾಕಿ ಜೋಲು ಬರಿಸುವುದು, ಹೀಗೆ ನಾನಾ ಉಪಾಯಗಳಿವೆ. ಮಗ ಕಾಲೇಜಿನಲ್ಲಿ ಹೊಸ ಅಂಗಿಯನ್ನು ಉಜ್ಜಿ ಹರಿಯುವುದಕ್ಕೆ ಶುಲ್ಕ ಕಟ್ಟುತ್ತಿದ್ದಾನೆಂದು ತಿಳಿದರೆ ತಂದೆಯಾದವನು ಏನೆಂದಾನೋ!

ಹೊಲಿಗೆಗೆ ಇಲ್ಲಿ ಸ್ಥಾನವೇ ಇಲ್ಲವೆಂದು ಭಾವಿಸಬಾರದು. ಮೊದಲು ಅಗ್ಗದ ಕೋರಾ ಬಟ್ಟೆಯಲ್ಲಿ ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡಿ, ಆಮೇಲೆ ಬೆಲೆಯುಳ್ಳ ಬಟ್ಟೆಗೆ ಕತ್ತರಿಯಿಡುವುದನ್ನೂ, ಒಳಗೆ ಧಾರಾಳವಾಗಿ ಬಟ್ಟೆ ಬಿಡುವುದನ್ನೂ ಕಲಿಯಲೇಬೇಕು. ಪೇಟೆಯ ದರ್ಜಿಗೂ ರಂಗದ ದರ್ಜಿಗೂ ಇರುವ ಭೇದ ಈ ಒಳಬಟ್ಟೆಯಲ್ಲಿ ಗೊತ್ತಾಗುತ್ತದೆ: ಪೇಟೆಯವನು ಒಬ್ಬ ಗಿರಾಕಿಗೆ ಹೊಲಿಯುತ್ತಾನೆ, ರಂಗದವನು ಈ ವರ್ಷದ ಕೃಶ ನಟನಿಗೂ ಮುಂದಿನ ವರ್ಷದ ಸ್ಥೂಲ ನಟನಿಗೂ ಒಟ್ಟಿಗೆ ಹೊಲಿಯುತ್ತಾನೆ. ನೀನಾಸಮ್ ತಿರುಗಾಟದಂಥ ಸಂಚಾರಿ ತಂಡದಲ್ಲಿ ಅದೇ ಕೆಲವು ನಟರು ಬೇರೆ ಬೇರೆ ನಾಟಕಗಳನ್ನು ಊರೂರಿಗೆ ಒಯ್ಯುವುದರಿಂದ, ಉಡುಪು ಮಡಿಸಿದರೆ ಪೆಟ್ಟಿಗೆಯಲ್ಲಿ ಹಿಡಿಯಬೇಕು, ರಾತ್ರಿ ಒಗೆದರೆ ಬೆಳಗ್ಗೆ ಒಣಗಬೇಕು, ಬಣ್ಣ ಬಿಡಬಾರದು, ಇಸ್ತ್ರಿಯಿಲ್ಲದೆಯೂ ಮಾನ ಕಾಯಬೇಕು. ಕಾಗದದ ಮೇಲಿನ ಅಂದವಾದ ಜಲವರ್ಣ ಚಿತ್ರಗಳಲ್ಲಿ ಅರ್ಧದಷ್ಟು ಈ ಪರೀಕ್ಷೆಯಲ್ಲಿಯೇ ಬಿದ್ದುಹೋಗುತ್ತವೆ.

ಪರೀಕ್ಷೆಯ ಮಾತು ಬಂದುದರಿಂದ ನನ್ನದೊಂದು ಸೂಚನೆಯಿದೆ. ವಿದ್ಯಾರ್ಥಿಯ ಚಿತ್ರಗಳಿಗೂ ಪ್ರಬಂಧಕ್ಕೂ ಅಂಕಗಳನ್ನು ಕೊಡುವುದು ಸರಿಯೇ. ಆದರೆ ಕೊನೆಯ ದಿನ ಅವನನ್ನು ಪ್ರೇಕ್ಷಕರ ನಡುವೆ ಕೂರಿಸಿ, ಅವನು ಸಿದ್ಧಪಡಿಸಿದ ಪೆಟ್ಟಿಗೆಯನ್ನೂ ಬರೆದಿಟ್ಟ ಪಟ್ಟಿಯನ್ನೂ ಆ ನಾಟಕವನ್ನೇ ಓದದ ಮತ್ತೊಬ್ಬ ವಿದ್ಯಾರ್ಥಿಯ ಕೈಗೆ ಕೊಟ್ಟು, ನಟರಿಗೆ ಅವನಿಂದಲೇ ವೇಷ ತೊಡಿಸಬೇಕು. ಯಾವ ಲಾಡಿ ಯಾವುದಕ್ಕೆ, ಯಾವ ಪೇಟ ಯಾರಿಗೆ ಎಂದು ಒಮ್ಮೆಯೂ ಕೂಗಿ ಕೇಳದೆ ಆ ಹೊಸಬನು ಮೂರನೆಯ ದೃಶ್ಯದವರೆಗೆ ದಾಟಿಸಿದನಾದರೆ, ಪಟ್ಟಿ ಬರೆದವನನ್ನು ಧೈರ್ಯವಾಗಿ ಉತ್ತೀರ್ಣಗೊಳಿಸಬಹುದು.