ಹಳೇ ಟ್ರ್ಯಾಕ್ಟರ್ ಕೊಳ್ತೀರಾ? ತಣ್ಣಗಿರೋ ಎಂಜಿನ್ ನೋಡಿ

ಹೊಸದುರ್ಗ, ಹೊಳಲ್ಕೆರೆ ಕಡೆ ಹಳೇ ಟ್ರ್ಯಾಕ್ಟರ್ ನೋಡೋಕೆ ಹೊರಟಿದ್ದೀರಾ? ಮಾರೋರಿಗೆ ಫೋನಲ್ಲೇ ಹೇಳಿಬಿಡಿ, "ಅಣ್ಣಾ, ನಾನು ಬರೋವರೆಗೂ ಸ್ಟಾರ್ಟ್ ಮಾಡಬೇಡಿ." ಹೋದ ತಕ್ಷಣ ಎಂಜಿನ್ ಮುಟ್ಟಿ. ಬೆಚ್ಚಗಿದ್ರೆ ಆರೋವರೆಗೂ ಕಾಯಿರಿ. ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ, ಗಾಳಿ ಒತ್ತಿದಾಗ ಹುಟ್ಟೋ ಶಾಖಕ್ಕೇ ಡೀಸೆಲ್ ಹತ್ತಬೇಕು. ಕಂಪ್ರೆಷನ್ ಕಡಿಮೆ ಇದ್ರೆ ತಣ್ಣಗಿದ್ದಾಗಲೇ ಸಿಕ್ಕಿಬೀಳೋದು.

ಸ್ಟಾರ್ಟ್‌ಗೆ ಮೊದಲು ರೇಡಿಯೇಟರ್ ಮುಚ್ಚಳ ತೆಗೀರಿ. ನಮ್ಮ ಹಿರಿಯೂರು ಸೀಮೇಲಿ ಇದನ್ನ ಬಿಡಲೇಬಾರದು. ಬೋರಿನ ಗಡಸು ನೀರು ಹಾಕಿ ಹಾಕಿ ಒಳಗೆ ಸುಣ್ಣ ಕಟ್ಟಿರುತ್ತೆ, ಆಮೇಲೆ ಎಂಜಿನ್ ಕಾಯುತ್ತೆ. ನೀರಿನ ಮೇಲೆ ಎಣ್ಣೆ ತೇಲ್ತಿದ್ರೆ, ಇಲ್ಲಾ ಡಿಪ್‌ಸ್ಟಿಕ್‌ನ ಆಯಿಲ್ ಹಾಲು ಬೆರೆಸಿದ ಹಾಗಿದ್ರೆ, ಮೆಕ್ಯಾನಿಕ್‌ನ ಕರೆಸದೆ ಅಡ್ವಾನ್ಸ್ ಕೊಡಬೇಡಿ.

ಈಗ ಹೊಗೆ. ಶುರುವಲ್ಲಿ ಸ್ವಲ್ಪ ಬಿಳಿ ಹೊಗೆ ಬಂದು ನಿಂತ್ರೆ ಪರವಾಗಿಲ್ಲ. ಕಪ್ಪಗಿದ್ರೆ ಏರ್ ಫಿಲ್ಟರ್, ನಾಜಲ್ ನೋಡಿಸಿ, ಅಷ್ಟಕ್ಕೇ ಗಾಡಿ ಬಿಡಬೇಡಿ. ನೀಲಿ ಹೊಗೆ ನಿಲ್ಲದೇ ಇದ್ರೆ ಆಯಿಲ್ ಸುಡ್ತಿದೆ. ರಿಂಗ್, ಲೈನರ್ ಸವೆದಿರಬಹುದು.

ಖಾಲಿ ಓಡಿಸಿ ತೋರಿಸಿದ್ರೆ ಒಪ್ಪಬೇಡಿ. ರೋಟವೇಟರ್ ಕಟ್ಟಿಸಿ ಅರ್ಧ ಗಂಟೆ ಹೊಲಕ್ಕಿಳಿಸಿ. ಟೆಂಪರೇಚರ್ ಮುಳ್ಳು ಕೆಂಪಿಗೆ ಏರಿದ್ರೆ, ಬ್ರೀದರ್ ಪೈಪಲ್ಲಿ ಹೊಗೆ ಬುಸುಗುಟ್ಟಿದ್ರೆ, ಎಂಜಿನ್ ಬಿಚ್ಚೋ ಖರ್ಚು ಲೆಕ್ಕ ಹಾಕಿಸಿ, ಅದನ್ನ ಕಳೆದೇ ರೇಟ್ ಮಾತಾಡಿ.