ಸಂತೆಯಿಂದ ಬಂದ ಮೇಕೆ ಹಟ್ಟಿಗೆ ಏನೇನು ತರುತ್ತೆ ಗೊತ್ತಾ?

ಕೆಲಸ ಬೆಂಗಳೂರಲ್ಲಿ, ಮನೆ ಊರಲ್ಲಿ. ಸಂಬಳದಲ್ಲಿ ಒಂದಿಷ್ಟು ಉಳಿಸಿ ಅಪ್ಪ-ಅಮ್ಮನಿಗೆ ನಾಲ್ಕು ಮೇಕೆ ಕೊಡಿಸಿದವರು ನಮ್ಮ ಓದುಗರಲ್ಲಿ ಎಷ್ಟೋ ಮಂದಿ ಇರಬಹುದು. ಮೇಕೆಯನ್ನು ಬಡವರ ಹಸು ಅಂತ ಕರೆಯುವುದು ಸುಮ್ಮನೆ ಅಲ್ಲ. ಮಗಳ ಕಾಲೇಜು ಫೀಸು, ಅಜ್ಜಿಯ ಆಸ್ಪತ್ರೆ ಖರ್ಚು, ಹಬ್ಬದ ಬಟ್ಟೆ ಎಲ್ಲಕ್ಕೂ ಒಂದು ಹೋತ ಮಾರಿದರೆ ಆಯ್ತು. ಆದರೆ ಈ ನಡೆದಾಡುವ ಎಟಿಎಂ ಒಂದೇ ವಾರದಲ್ಲಿ ಖಾಲಿಯಾಗಿಬಿಡಬಹುದು. ಅದಕ್ಕೆ ಕಳ್ಳ ಬರಬೇಕಾಗಿಲ್ಲ, ಒಂದು ವೈರಸ್ ಸಾಕು.

2019ರ ಜಾನುವಾರು ಗಣತಿ ಪ್ರಕಾರ ದೇಶದಲ್ಲಿ ಸುಮಾರು 14.9 ಕೋಟಿ ಮೇಕೆಗಳಿವೆ, 7.4 ಕೋಟಿ ಕುರಿಗಳಿವೆ. ನಮ್ಮ ರಾಜ್ಯದಲ್ಲೇ ಕುರಿಗಳ ಸಂಖ್ಯೆ ಒಂದು ಕೋಟಿ ದಾಟಿದೆ. ಇವುಗಳ ಪಾಲಿನ ದೊಡ್ಡ ಶತ್ರು ಪಿಪಿಆರ್. ಆಡಿನ ಪ್ಲೇಗ್ ಅಂತಲೂ, ಕೆಲವೆಡೆ ಹಿರೇಬೇನೆ ಅಂತಲೂ ಕರೀತಾರೆ.

ಎಲ್ಲಿಂದ ಬಂತು ಈ ಬೇನೆ?

1942ರಲ್ಲಿ ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿ ಈ ರೋಗವನ್ನು ಮೊದಲು ಗುರುತಿಸಿದರು. ಭಾರತದಲ್ಲಿ ಮೊದಲು ಕಂಡಿದ್ದು 1987ರಲ್ಲಿ, ತಮಿಳುನಾಡಿನ ವಿಲ್ಲುಪುರಂ ಕಡೆಯ ಅರಸೂರಿನಲ್ಲಿ. ಕೆಲವು ವರ್ಷ ಅದು ದಕ್ಷಿಣದ ರೋಗ ಅಂತಲೇ ಎಲ್ಲರೂ ಅಂದುಕೊಂಡಿದ್ದರು. 1994ರ ಹೊತ್ತಿಗೆ ಉತ್ತರ ಭಾರತದಲ್ಲೂ ಕಾಣಿಸಿಕೊಂಡಿತು. 2024ರಲ್ಲಿ ಗ್ರೀಸ್ ಮತ್ತು ರೊಮೇನಿಯಾ ದೇಶಗಳಿಗೂ ನುಗ್ಗಿತು.

ಈ ವೈರಸ್ಸಿಗೆ ರೆಕ್ಕೆ ಇಲ್ಲ, ಕಾಲಿಲ್ಲ. ಮಕ್ಕಳಿಗೆ ಬರುವ ದಡಾರದ ವೈರಸ್ಸಿನ ಕುಟುಂಬಕ್ಕೇ ಸೇರಿದ್ದು, ಆದರೆ ಮನುಷ್ಯರಿಗೆ ಈ ರೋಗ ತರುವುದಿಲ್ಲ. ಹೊರಗೆ ಬಿದ್ದರೆ ಬಹಳ ಹೊತ್ತು ಬದುಕುವುದೂ ಇಲ್ಲ. ಬಿಸಿಲು ಬಿದ್ದರೆ, ಒಣಗಿದರೆ, ಸೋಪಿನ ನೀರು ತಾಗಿದರೆ ಸಾಯುತ್ತದೆ. ಇಷ್ಟು ದುರ್ಬಲವಾದದ್ದು ದೇಶ ದೇಶ ಸುತ್ತುವುದು ಹೇಗೆ? ಉತ್ತರ ಸರಳ: ನಾವೇ ಅದನ್ನು ಟೆಂಪೊದಲ್ಲಿ ಕೂರಿಸಿ ಕರೆದುಕೊಂಡು ಹೋಗ್ತೀವಿ.

ಉಸಿರಿನಿಂದ ಉಸಿರಿಗೆ

ರೋಗ ಬಂದ ಮೇಕೆಯ ಕಣ್ಣೀರು, ಸಿಂಬಳ, ಜೊಲ್ಲು, ಭೇದಿ ಎಲ್ಲದರಲ್ಲೂ ವೈರಸ್ ಇರುತ್ತದೆ. ಅದು ಕೆಮ್ಮಿದಾಗ, ಸೀನಿದಾಗ ಸಣ್ಣ ಹನಿಗಳು ಪಕ್ಕದ ಮೇಕೆಯ ಮೂಗಿಗೆ ಸೇರುತ್ತವೆ. ಒಂದೇ ತೊಟ್ಟಿಯ ನೀರು, ಒಂದೇ ಬಾನಿಯ ಮೇವು ಕೂಡ ದಾರಿಯಾಗಬಹುದು. ಅಂದರೆ ಮೇಕೆಗಳು ಒತ್ತೊತ್ತಾಗಿ ನಿಂತಷ್ಟೂ ಅದಕ್ಕೆ ಅನುಕೂಲ.

ಈಗ ಒಂದು ಸಂತೆಯನ್ನು ಕಣ್ಮುಂದೆ ತಂದುಕೊಳ್ಳಿ. ಅಮೀನಗಡ, ಸಿರಾ ಕಡೆಯ ಕುರಿ-ಮೇಕೆ ಸಂತೆಗಳಲ್ಲಿ ಹತ್ತಾರು ಊರಿನ ಹಿಂಡುಗಳು ಮೈಗೆ ಮೈ ತಾಗಿಸಿ ನಿಂತಿರುತ್ತವೆ. ಬಕ್ರೀದ್ ಹತ್ತಿರ ಬಂದರೆ ಕೇಳೋದೇ ಬೇಡ. ಬೆಳಗ್ಗೆ ಪಕ್ಕಪಕ್ಕ ನಿಂತಿದ್ದ ಮೇಕೆಗಳು ಸಂಜೆಗೆ ಬೇರೆ ಬೇರೆ ಜಿಲ್ಲೆಯ ಹಟ್ಟಿಗಳಲ್ಲಿರುತ್ತವೆ.

ಸೋಂಕು ತಗುಲಿದ ಮೇಲೆ ಸಾಮಾನ್ಯವಾಗಿ ನಾಲ್ಕರಿಂದ ಆರು ದಿನ ಏನೂ ಗೊತ್ತಾಗುವುದಿಲ್ಲ. ಕೆಲವೊಮ್ಮೆ ಎರಡು ವಾರವೂ ಆಗಬಹುದು. ಮೇಕೆ ಚೆನ್ನಾಗಿ ಮೇಯುತ್ತೆ, ಓಡಾಡುತ್ತೆ. ಲಕ್ಷಣ ಎದ್ದು ಕಾಣುವ ಮೊದಲೇ ವೈರಸ್ ಹರಡಲೂ ಶುರುಮಾಡಬಹುದು. ಹಲ್ಲು ನೋಡಿ, ಬೆನ್ನು ತಟ್ಟಿ, ತೂಕ ಅಂದಾಜು ಮಾಡಿ ತಂದ ಮೇಕೆ ನಿಜಕ್ಕೂ ಆರೋಗ್ಯವಾಗಿದೆಯಾ ಅನ್ನೋದು ಎಂಥ ಅನುಭವಿಯ ಕಣ್ಣಿಗೂ ಅವತ್ತು ಕಾಣೋದಿಲ್ಲ.

ಆಮೇಲೆ ಜ್ವರ 40-41 ಡಿಗ್ರಿ ಏರುತ್ತದೆ. ಕಣ್ಣು-ಮೂಗಿನಲ್ಲಿ ಮೊದಲು ನೀರು, ಆಮೇಲೆ ಗಟ್ಟಿ ಕೀವಿನಂಥ ಲೋಳೆ. ಬಾಯೊಳಗೆ ಹುಣ್ಣು, ಕೆಟ್ಟ ವಾಸನೆ, ಭೇದಿ, ಕೆಮ್ಮು, ಏದುಸಿರು. ಗಬ್ಬದ ಮೇಕೆಗಳು ಕಂದು ಹಾಕಬಹುದು. ಎಂದೂ ಈ ರೋಗ ಕಾಣದ, ಲಸಿಕೆಯೂ ಇಲ್ಲದ ಹಿಂಡಿಗೆ ಹೊಕ್ಕರೆ ಬಹುಪಾಲು ಮರಿಗಳನ್ನು ಕಳೆದುಕೊಳ್ಳಬೇಕಾಗುತ್ತದೆ. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಭೇದಿಗೆ, ನ್ಯುಮೋನಿಯಾಗೆ ಚಿಕಿತ್ಸೆ ಕೊಟ್ಟು ಕೆಲವನ್ನು ಉಳಿಸಿಕೊಳ್ಳಬಹುದು, ಅಷ್ಟೇ.

ಎಲ್ಲ ವೈರಸ್ಸಿಗೂ ಒಂದೇ ದಾರಿ ಅಲ್ಲ

ಕುರಿ-ಮೇಕೆಗಳ ಸಿಡುಬಿನ ಕಥೆ ಬೇರೆ. ಅದು ಹತ್ತಿರದ ಒಡನಾಟದಿಂದ ಹರಡುವುದರ ಜೊತೆಗೆ, ಗಾಯದ ಮೇಲಿನ ಹಕ್ಕಳೆ ಉದುರಿದರೆ ನೆರಳಿರುವ ದೊಡ್ಡಿಯಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಹಾಗಾಗಿ ಸಿಡುಬು ಬಂದು ಹೋದ ದೊಡ್ಡಿಗೆ ತಕ್ಷಣ ಹೊಸ ಮರಿ ಬಿಟ್ಟರೆ ಅಪಾಯ.

ನೀಲಿ ನಾಲಿಗೆ ರೋಗವನ್ನು ಹೊತ್ತು ತರುವುದು ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದಾದ, ರಕ್ತ ಹೀರುವ ನೊಣ. ಮಳೆಗಾಲದಲ್ಲಿ ಒದ್ದೆ ಸಗಣಿ, ಕೆಸರು ಇದ್ದಲ್ಲಿ ಇದರ ಸಂತಾನ ಬೆಳೆಯುತ್ತದೆ. ಮೇಕೆಗಿಂತ ಕುರಿಗೆ ಇದರ ಕಾಟ ಹೆಚ್ಚು. ಇನ್ನು ಕಾಲುಬಾಯಿ ಜ್ವರದ ವೈರಸ್ ನಮ್ಮ ಚಪ್ಪಲಿ, ಗಾಡಿಯ ಚಕ್ರ, ಹಾಲಿನ ಕ್ಯಾನು ಯಾವುದನ್ನಾದರೂ ಹತ್ತಿಕೊಂಡು ಬರುತ್ತದೆ.

ಹೀಗೆ ಒಂದಕ್ಕೆ ಬೇಲಿ, ಒಂದಕ್ಕೆ ಸ್ವಚ್ಛತೆ, ಇನ್ನೊಂದಕ್ಕೆ ಹೊಗೆ-ಬೇವು. ಆದರೆ ಇವೆಲ್ಲದಕ್ಕೂ ಹೊಸ ಹಟ್ಟಿಗೆ ಹೋಗಲು ಇರುವ ಸುಲಭದ ಗಾಡಿ ಒಂದೇ: ಸೋಂಕು ತಗುಲಿಸಿಕೊಂಡು ಊರು ಬದಲಾಯಿಸುವ ಪ್ರಾಣಿ.

ಗಾಬರಿಯಲ್ಲಿ ಮಾರಿದರೆ ಏನಾಗುತ್ತೆ?

ರೋಗ ಹರಡುವುದರಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ಭಾಗ ಇದೆ. ಹಟ್ಟಿಯಲ್ಲಿ ಎರಡು ಮೇಕೆ ಸತ್ತವು ಅಂದ್ಕೊಳ್ಳಿ. ಮನೆಯವರ ಮೊದಲ ಯೋಚನೆ, 'ಉಳಿದವನ್ನಾದರೂ ಬಂದಷ್ಟಕ್ಕೆ ಮಾರಿಬಿಡೋಣ'. ಸಾಲ ಮಾಡಿ ಕೊಂಡ ಮೇಕೆ ಕಣ್ಣೆದುರೇ ಸಾಯುವಾಗ ಹಾಗನ್ನಿಸುವುದು ಸಹಜ. ಅವರನ್ನು ಬೈದು ಪ್ರಯೋಜನವಿಲ್ಲ. ಆದರೆ ಆ ಎಂಟು ಮೇಕೆ ಸಂತೆಗೆ ಹೋದರೆ ಎಂಟು ಊರಿಗೆ ಬೇನೆ ಹೋದಂತೆ. ಅಲ್ಲಿ ಕೊಳ್ಳುವವರೂ ನಮ್ಮಂಥವರೇ, ಇನ್ಯಾರದೋ ಮಗ ಕಳಿಸಿದ ದುಡ್ಡಲ್ಲಿ ಕೊಳ್ಳುವವರು.

ಅಂಥ ಹೊತ್ತಲ್ಲಿ ಮಾಡಬೇಕಾದ ಕೆಲಸ ಬೇರೆ. ಕಾಯಿಲೆ ಬಿದ್ದವನ್ನು ಬೇರೆ ಕಟ್ಟಿ. ಉಳಿದವನ್ನು ಮೇಯಲು ಹೊರಗೆ ಬಿಡಬೇಡಿ. ಸತ್ತದ್ದನ್ನು ಹಳ್ಳಕ್ಕೆ ಎಸೆಯದೆ ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿ. ಅದಕ್ಕೂ ಮೊದಲು ಪಶು ಆಸ್ಪತ್ರೆಗೆ ತಿಳಿಸಿ. ಪಶು ಸಂಜೀವಿನಿ ಸಹಾಯವಾಣಿ 1962ಕ್ಕೆ ಫೋನ್ ಮಾಡಬಹುದು. ಸತ್ತ ಕುರಿ-ಮೇಕೆಗೆ ಪರಿಹಾರ ಕೊಡುವ ಅನುಗ್ರಹ ಯೋಜನೆ ರಾಜ್ಯದಲ್ಲಿದೆ, ಅದಕ್ಕೂ ಪಶುವೈದ್ಯರು ನೋಡಿ ದೃಢಪಡಿಸಬೇಕು. ಸುದ್ದಿ ಮುಚ್ಚಿಟ್ಟರೆ ಪರಿಹಾರವೂ ಇಲ್ಲ, ಊರಿಗೆ ಲಸಿಕೆಯೂ ಬೇಗ ಬರೋದಿಲ್ಲ.

ಲಸಿಕೆ ಇದ್ದೂ ಯಾಕೆ ಹೋಗ್ತಿಲ್ಲ?

ಪಿಪಿಆರ್‌ಗೆ ಒಳ್ಳೆಯ ಲಸಿಕೆ ಇದೆ, ನಮ್ಮ ದೇಶದ್ದೇ. ಹಿಮಾಚಲದ ಸುಂಗ್ರಿಯಲ್ಲಿ ಸಿಕ್ಕ ವೈರಸ್ಸಿನಿಂದ ಮುಕ್ತೇಶ್ವರದ ವಿಜ್ಞಾನಿಗಳು ತಯಾರಿಸಿದ್ದು. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಜ್ಯದ ಸಂಸ್ಥೆಯಲ್ಲೂ ಪಿಪಿಆರ್ ಲಸಿಕೆ ತಯಾರಾಗುತ್ತದೆ. ಒಮ್ಮೆ ಹಾಕಿಸಿದರೆ ಕನಿಷ್ಠ ಮೂರು ವರ್ಷ ರಕ್ಷಣೆ.

ಹಾಗಾದರೆ ತೊಂದರೆ ಎಲ್ಲಿ? ಒಂದು, ಮೇಕೆ ಹಿಂಡು ಬೇಗ ಬದಲಾಗುತ್ತೆ. ದೊಡ್ಡವು ಮಾರಾಟವಾಗುತ್ತವೆ, ಹೊಸ ಮರಿ ಹುಟ್ಟುತ್ತವೆ. ಹೋದ ವರ್ಷ ಊರಿಗೆಲ್ಲ ಲಸಿಕೆ ಹಾಕಿದ್ದರೂ ಈ ವರ್ಷದ ಮರಿಗಳಿಗೆ ರಕ್ಷಣೆ ಇರೋದಿಲ್ಲ. ತಾಯಿಯ ಗಿಣ್ಣು ಹಾಲಿಂದ ಬಂದ ಶಕ್ತಿ ಮೂರ್ನಾಲ್ಕು ತಿಂಗಳಿಗೆ ಕರಗುತ್ತದೆ, ಮರಿಗೆ ಲಸಿಕೆ ಹಾಕಿಸುವ ಸಮಯ ಅದೇ. ಎರಡು, ಲಸಿಕೆ ತಣ್ಣಗೇ ಇರಬೇಕು. ಒಂದು ಸೀಸೆಯಲ್ಲಿ ಹತ್ತಾರು ಡೋಸ್ ಇರುತ್ತವೆ, ನೀರು ಬೆರೆಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ನಾಲ್ಕೇ ಮೇಕೆಗೆ ಅದನ್ನು ಒಡೆದರೆ ಉಳಿದದ್ದು ದಂಡ. ಬೀದಿಯವರೆಲ್ಲ ಒಂದೇ ದಿನ ಒಂದೇ ಕಡೆ ಮೇಕೆ ತಂದರೆ ಎಲ್ಲರ ಕೆಲಸವೂ ಸುಲಭ.

ಇದು ಆಗದ ಮಾತೇನಲ್ಲ. ಇದೇ ಕುಟುಂಬದ ಇನ್ನೊಂದು ವೈರಸ್ ತರುತ್ತಿದ್ದ ದನಗಳ ದೊಡ್ಡರೋಗ ರಿಂಡರ್‌ಪೆಸ್ಟ್ ಲಸಿಕೆಯ ಬಲದಿಂದಲೇ ಭೂಮಿಯಿಂದ ಹೋಯಿತು. 2011ರಲ್ಲಿ ಅದನ್ನು ಅಧಿಕೃತವಾಗಿ ಘೋಷಿಸಿದರು. ಪಿಪಿಆರ್ ಕೂಡ 2030ರೊಳಗೆ ಹೋಗಬೇಕು ಅನ್ನುವುದು ಜಗತ್ತಿನ ಗುರಿ.

ಈ ಭಾನುವಾರ ಊರಿಗೆ ಫೋನ್ ಮಾಡಿದಾಗ

ಊಟ ಆಯ್ತಾ, ಮಳೆ ಆಯ್ತಾ ಅಂತ ಕೇಳಿದ ಮೇಲೆ ಇನ್ನೆರಡು ಪ್ರಶ್ನೆ ಸೇರಿಸಿ.

'ಅಪ್ಪಾ, ನಮ್ಮ ಮೇಕೆಗೆ ಪಿಪಿಆರ್ ಇಂಜೆಕ್ಷನ್ ಯಾವಾಗ ಹಾಕಿಸಿದ್ರಿ? ಹೊಸ ಮರಿಗಳಿಗೂ ಆಯ್ತಾ?'

'ಸಂತೆಯಿಂದ ತಂದಿದ್ದನ್ನು ಬೇರೆ ಕಟ್ಟಿದ್ದೀರಾ?'

ಹೊಸ ಮೇಕೆಯನ್ನು ಮೂರು ವಾರ ಬೇರೆ ಕಟ್ಟಬೇಕು. ಅದರ ನೀರಿನ ಪಾತ್ರೆ, ಮೇವಿನ ಬುಟ್ಟಿ ಎಲ್ಲ ಬೇರೆ. ಮೊದಲು ಮನೆಯ ಮೇಕೆಗಳ ಕೆಲಸ ಮುಗಿಸಿ, ಕೊನೆಗೆ ಹೊಸದರ ಹತ್ತಿರ ಹೋಗಿ ಕೈಕಾಲು ತೊಳೆದುಕೊಂಡು ಬರಬೇಕು. 'ಇಷ್ಟು ವರ್ಷ ಇದನ್ನೆಲ್ಲ ಯಾರು ಮಾಡಿದ್ರು' ಅಂತ ಅಪ್ಪ ನಗಬಹುದು. ನಗಲಿ ಬಿಡಿ. ಮೂರು ವಾರಕ್ಕೆ ಬೇಕಾಗಿರೋದು ಒಂದು ಗೂಟ, ಒಂದು ಹಗ್ಗ, ಒಂದು ಹಳೇ ಬಕೆಟ್ಟು. ಕಟ್ಟದೇ ಇದ್ದರೆ ಹೋಗೋದು ಇಡೀ ಹಟ್ಟಿ.